ಒಂದ್ಸಲ ಹಾಕಿ ನೋಡೋಣ ಅನ್ನುವ ಮಹಾರೋಗ

ಹಾರ್ಡ್ ಡಿಸ್ಕ್ ನೀರಿಗೆ ಬಿದ್ದ ಮಾತ್ರಕ್ಕೆ ಸಾಯುವುದಿಲ್ಲ. ಆಮೇಲೆ ನಾವು ಅದನ್ನು ಸಾಯಿಸುತ್ತೇವೆ. ಈ ಮಾತನ್ನು ದೊಡ್ಡಕ್ಷರದಲ್ಲಿ ಬರೆದು ಕಂಪ್ಯೂಟರ್ ರಿಪೇರಿ ಅಂಗಡಿಗಳ ಶಟರಿಗೆಲ್ಲ ಅಂಟಿಸಿ ಬರಬೇಕು ಅನ್ನುವಷ್ಟು ಸಿಟ್ಟು ಬಂದಿದೆ ನನಗೆ. ಅಂಟಿಸೋಕೆ ಹೋದರೆ ಒದೆ ಬೀಳುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ :-)

2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಬೆಳಗಾವಿ-ಬಾಗಲಕೋಟೆ ಸೀಮೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ. ನೀರು ಇಳಿದ ಮೇಲೆ ಟೀವಿಯವರು ಒದ್ದೆ ಹಾಸಿಗೆ, ಮಗುಚಿದ ಫ್ರಿಜ್ಜು, ತೇಲುವ ಕಾರು ತೋರಿಸುತ್ತಾರೆ. ಮೇಜಿನ ಕೆಳಗೆ ಕೂತಿದ್ದ ಸಿಪಿಯು ಡಬ್ಬಿಯನ್ನು ಯಾರೂ ತೋರಿಸುವುದಿಲ್ಲ. ಮನೆಗೆ ನುಗ್ಗಿದ ನೀರು ಮೊದಲು ಬರುವುದು ನೆಲಕ್ಕೆ, ಈ ಡಬ್ಬಿ ಕೂತಿರುವುದೂ ನೆಲದ ಮೇಲೆಯೇ. ಅದರೊಳಗೆ ಮದುವೆ ಫೋಟೋ ಇರುತ್ತದೆ, ತೀರಿಕೊಂಡ ಅಪ್ಪನ ದನಿ ಇರುತ್ತದೆ, ಅರ್ಧ ಬರೆದ ಕಾದಂಬರಿ ಇರುತ್ತದೆ.

ಆಗ ಬರುತ್ತಾರೆ ಸಲಹೆಗಾರರು. ಪಕ್ಕದ ಮನೆಯವರು, ಭಾವನ ತಮ್ಮ, ಆಫೀಸಿನ ಸಿಸ್ಟಮ್ ಹುಡುಗ. ಎಲ್ಲರ ಬಾಯಲ್ಲೂ ಒಂದೇ ಮಂತ್ರ: "ಬಿಸಿಲಿಗಿಟ್ಟು ಒಣಗಿಸಿ, ಒಂದ್ಸಲ ಹಾಕಿ ನೋಡೋಣ." ಹಾಕಿ ನೋಡುತ್ತಾರೆ. ತಿರುಗುವುದಿಲ್ಲ. ಇನ್ನೊಮ್ಮೆ ಹಾಕುತ್ತಾರೆ. ಬೇರೆ ಕೇಬಲ್, ಬೇರೆ ಕಂಪ್ಯೂಟರ್. ಕೊನೆಗೆ "ನೀರು ಹೋಗಿದೆ ಸಾರ್, ಡೆಡ್" ಅಂತ ತೀರ್ಪು. ನೀರಿಗೆ ಬಾಯಿಲ್ಲ ನೋಡಿ, ಅಪವಾದವೆಲ್ಲ ಅದರ ತಲೆಗೆ.

ಸ್ವಲ್ಪ ಒಳಗೆ ಹೋಗೋಣ. ಡಿಸ್ಕಿನ ಒಳಗಿರುವುದು ಕನ್ನಡಿಯ ಹಾಗೆ ಹೊಳೆಯುವ ಒಂದೋ ಎರಡೋ ತಟ್ಟೆ. ಅಲ್ಯುಮಿನಿಯಮ್ಮಿನದೋ ಗಾಜಿನದೋ. ಅದರ ಮೇಲೆ ಕೋಬಾಲ್ಟ್ ಬೆರೆತ ಕಾಂತೀಯ ಲೇಪ, ಅದರ ಮೇಲೆ ಕಾರ್ಬನ್ನಿನ ತೆಳು ರಕ್ಷಾಕವಚ. ನಿಮ್ಮ ಮಾಹಿತಿ ಇರುವುದು ಆ ಲೇಪದ ಕಾಂತತೆಯಲ್ಲಿ. ನೀರು ಕಾಂತತೆಯನ್ನು ತೊಳೆಯುವುದಿಲ್ಲ. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದದ್ದಲ್ಲ ಅದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಲಿಕ್ಕೆ.

ನಂಬಿಕೆ ಬರದಿದ್ದರೆ ಕೊಲಂಬಿಯಾ ನೌಕೆಯ ಕಥೆ ಕೇಳಿ. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಇದ್ದ ಆ ನೌಕೆ ಆಕಾಶದಲ್ಲೇ ಚೂರಾಯಿತಲ್ಲ, ಅದರಲ್ಲಿ ಕ್ಸೆನಾನ್ ಅನಿಲದ ಬಗ್ಗೆ ಒಂದು ಪ್ರಯೋಗ ನಡೆದಿತ್ತು. ಅದರ ಅಳತೆಗಳಿದ್ದ ಹಾರ್ಡ್ ಡಿಸ್ಕ್ ಉರಿದು, ಅಷ್ಟೆತ್ತರದಿಂದ ನೆಲಕ್ಕೆ ಬಿದ್ದು, ಟೆಕ್ಸಾಸಿನ ಒಂದು ಬತ್ತಿದ ಕೆರೆಯಂಗಳದಲ್ಲಿ ಸುಮಾರು ಆರು ತಿಂಗಳ ನಂತರ ಸಿಕ್ಕಿತು. ಪ್ಲಾಸ್ಟಿಕ್ ಕರಗಿತ್ತು, ಒಳಗೆ ಮಣ್ಣು ಸೇರಿತ್ತು. ಆನ್‌ಟ್ರ್ಯಾಕ್ ಕಂಪನಿಯ ಇಂಜಿನಿಯರುಗಳು ಅದರ ತಟ್ಟೆಗಳನ್ನು ತೊಳೆದು, ಬೇರೆ ಡಿಸ್ಕಿನ ಮೈಯೊಳಗೆ ಕೂರಿಸಿ ಸುಮಾರು 99 ಶೇಕಡಾ ಮಾಹಿತಿ ಹೊರತೆಗೆದರು. 2008ರಲ್ಲಿ ಆ ಪ್ರಯೋಗದ ಫಲಿತಾಂಶ ಭೌತಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು. ಆಕಾಶದಿಂದ ಬಿದ್ದ ಡಿಸ್ಕ್ ಬದುಕಿತು, ಮೊಳಕಾಲುದ್ದದ ನೀರಿನಲ್ಲಿ ನೆಂದ ನಮ್ಮ ಡಿಸ್ಕ್ ಯಾಕೆ ಸಾಯಬೇಕು? ಅಲ್ಲಿ ಸಿಕ್ಕಿದವರು ಯಾರೂ "ಒಂದ್ಸಲ ಹಾಕಿ ನೋಡೋಣ" ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ತಟ್ಟೆಯ ಮೇಲೆ ಓದುವ ಹೆಡ್ ಹಾರುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಡೆಸ್ಕ್‌ಟಾಪಿನ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುವಾಗ ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿರುತ್ತದೆ. ಅಷ್ಟು ವೇಗದಲ್ಲಿ, ಅಷ್ಟು ಕೆಳಗೆ ಹಾರುವ ಹೆಡ್ಡಿಗೆ ಹೊಳೆನೀರು ಒಣಗಿ ಉಳಿದ ಒಂದು ಉಪ್ಪಿನ ಕಣ, ಒಂದು ಮಣ್ಣಿನ ಕಣ ಎದುರಾದರೆ ಅದು ಹರಳಲ್ಲ, ಬೆಟ್ಟ. ಗುದ್ದಿದ ಹೆಡ್ ಮುರಿಯುತ್ತದೆ, ಮುರಿದ ಹೆಡ್ ಉಳುಮೆಗೆ ತೊಡಗುತ್ತದೆ. ಲೇಪವನ್ನೇ ಕೆರೆದು ಪುಡಿ ಮಾಡುತ್ತದೆ. ಆ ಪುಡಿಯಲ್ಲಿರುವುದು ನಿಮ್ಮ ಅಪ್ಪನ ದನಿ. ಅದನ್ನು ಮತ್ತೆ ಅಂಟಿಸುವ ವಿದ್ಯೆ ಯಾವ ಲ್ಯಾಬಿನಲ್ಲೂ ಇಲ್ಲ.

"ಡಿಸ್ಕ್ ಸೀಲ್ ಆಗಿರುತ್ತೆ ಸಾರ್, ಒಳಗೆ ನೀರು ಹೋಗಲ್ಲ" ಅನ್ನುವವರೂ ಇದ್ದಾರೆ. ಸುಳ್ಳು. 2013ರ ಈಚೆಗೆ ಬಂದ ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳು ಮಾತ್ರ ಪೂರ್ತಿ ಮುಚ್ಚಿರುತ್ತವೆ. ನಮ್ಮ ನಿಮ್ಮ ಮನೆಯ ಸಾಮಾನ್ಯ ಡಿಸ್ಕಿಗೆ ಉಸಿರಾಡಲು ಒಂದು ಚಿಕ್ಕ ತೂತು ಇರುತ್ತದೆ, ಅದರೊಳಗೊಂದು ಫಿಲ್ಟರ್. ಈ ತೂತು ಮುಚ್ಚಬೇಡಿ ಅಂತ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಆ ಫಿಲ್ಟರ್ ಧೂಳು ತಡೆಯಲಿಕ್ಕೆ, ಪ್ರವಾಹ ತಡೆಯಲಿಕ್ಕಲ್ಲ. ಗಂಟೆಗಟ್ಟಲೆ ಮುಳುಗಿದ್ದ ಡಿಸ್ಕಿನ ಒಳಗೆ ನೀರು ಹೋಗಿದೆ ಅಂತಲೇ ಲೆಕ್ಕ ಹಿಡಿಯಬೇಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಮಲಪ್ರಭೆ ದಂಡೆಯ ಊರಿನ ನಮ್ಮ ಪರಿಚಯದ ಮಾಸ್ತರೊಬ್ಬರ ಮನೆಗೆ 2019ರಲ್ಲಿ ಹೊಳೆ ಬಂದಿತ್ತು. ನಿವೃತ್ತಿಯಾದ ಮೇಲೆ ಹತ್ತು ವರ್ಷ ಸುತ್ತಿ ಅವರು ಹಂತಿ ಪದ, ಬೀಸುವ ಪದ ಹಾಡುವವರನ್ನು ಹುಡುಕಿ ರೆಕಾರ್ಡ್ ಮಾಡಿಕೊಂಡಿದ್ದರು. ರಾತ್ರಿ ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಪದಗಳು. ಯಂತ್ರ ಬಂದ ಮೇಲೆ ಕಣವೂ ಇಲ್ಲ, ಹಂತಿಯೂ ಇಲ್ಲ. ಹಾಡಿದ ಮುದುಕರಲ್ಲಿ ಹೆಚ್ಚಿನವರು ಈಗಿಲ್ಲ. ಎಲ್ಲ ಒಂದು ಡೆಸ್ಕ್‌ಟಾಪಿನ ಒಂದೇ ಡಿಸ್ಕಿನಲ್ಲಿತ್ತು. ಕ್ಯಾಸೆಟ್ಟುಗಳು ಅದಾಗಲೇ ಬೂಸ್ಟು ಹಿಡಿದು ಹೋಗಿದ್ದವು.

ನೀರಿಳಿದ ಮೇಲೆ ಅವರ ಮಗ ಅದನ್ನು ಪೇಟೆಯ ಅಂಗಡಿಗೆ ಒಯ್ದ. "ಏನೂ ಆಗಂಗಿಲ್ರೀ, ಒಣಗಿಸಿ ಒಮ್ಮೆ ಹಾಕಿ ನೋಡೂಣು" ಅಂದರಂತೆ. ಬ್ಲೋವರ್ ಹಿಡಿದರು. ಹಾಕಿದರು. ತಿರುಗಲಿಲ್ಲ. ಸುಟ್ಟ ವಾಸನೆ ಬಂತು. ಹಳೆಯ ಡಿಸ್ಕೊಂದರ ಬೋರ್ಡು ಬಿಚ್ಚಿ ಇದಕ್ಕೆ ಹಾಕಿದರು. ಆಗಲೂ ಆಗಲಿಲ್ಲ. ಮೇಲಿನ ಮುಚ್ಚಳ ತೆಗೆದು ತಟ್ಟೆಯನ್ನು ಬೆರಳಿನಿಂದ ತಿರುಗಿಸಿ, ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿದರು. ಈ ಸಲ ತಿರುಗಿತು. ಕರಕರ ಸದ್ದು ಮಾಡುತ್ತ ತಿರುಗಿತು. ನಾಲ್ಕು ತಿಂಗಳ ನಂತರ ಬೆಂಗಳೂರಿನ ಲ್ಯಾಬಿಗೆ ಹೋದಾಗ ಅಲ್ಲಿಯವರು ಫೋಟೋ ತೆಗೆದು ಕಳಿಸಿದರು: ತಟ್ಟೆಯ ಮೇಲೆ ಹಳೇ ಗ್ರಾಮಫೋನ್ ತಟ್ಟೆಯ ಹಾಗೆ ಉಂಗುರ ಉಂಗುರ ಗೀರು. ಸಿಕ್ಕಿದ್ದು ಏನೂ ಇಲ್ಲ.

ಆ ಅಂಗಡಿಯ ಹುಡುಗನ ಮೇಲೆ ನನಗೆ ದ್ವೇಷವಿಲ್ಲ. ಅವನು ದುಡ್ಡೂ ತೆಗೆದುಕೊಂಡಿರಲಿಲ್ಲವಂತೆ. ಆದರೆ ಒಳ್ಳೆಯತನ ಬೇರೆ, ಗೊತ್ತಿರುವುದು ಬೇರೆ. ಹಾವು ಕಚ್ಚಿದವನಿಗೆ ಪ್ರೀತಿಯಿಂದ ಬಿಸಿನೀರು ಕುಡಿಸುತ್ತ ಕೂತರೆ ಆಗುವುದೇ ಇಲ್ಲೂ ಆಗುವುದು.

ಈಗ ಮನೆಮದ್ದುಗಳ ಕಡೆ ಬರೋಣ. ಮೊದಲನೆಯದು ಅಕ್ಕಿ ಡಬ್ಬಿ. ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹೂಳುವ ಸಂಪ್ರದಾಯ ಹಾರ್ಡ್ ಡಿಸ್ಕಿಗೂ ಬಂದಿದೆ. ಅಕ್ಕಿ ಮುಚ್ಚಿದ ಲೋಹದ ಡಬ್ಬಿಯೊಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ. ಅದರ ಪುಡಿ ಮಾತ್ರ ಕನೆಕ್ಟರಿನೊಳಗೆ ಹೋಗಿ ಕೂರುತ್ತದೆ. 2024ರಲ್ಲಿ ಆಪಲ್ ಕಂಪನಿಯೇ ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಹೇಳಿತು. ಅಕ್ಕಿ ಇರುವುದು ಅನ್ನ ಮಾಡಲಿಕ್ಕೆ, ಬಿಡಿ.

ಎರಡನೆಯದು ಫ್ರೀಜರ್. ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ತಿರುಗುತ್ತದೆ ಅನ್ನುವ ಉಪಾಯ ಬಹಳ ಹಳೆಯದು. ಹಿಂದಿನ ಕೆಲವು ಡಿಸ್ಕುಗಳಲ್ಲಿ, ಬೇರೆ ಥರದ ಕಾಯಿಲೆಗೆ, ಯಾರಿಗೋ ಒಂದೆರಡು ಸಲ ಕೆಲಸ ಮಾಡಿರಬಹುದು. ನೀರು ಕುಡಿದ ಡಿಸ್ಕಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಒಳಗಿನ ತೇವ ಮಂಜುಗಟ್ಟುತ್ತದೆ, ಹೊರಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ಇಬ್ಬನಿ ಕೂರುತ್ತದೆ.

ಮೂರನೆಯದು ಹೇರ್ ಡ್ರೈಯರ್ ಮತ್ತು ಬಿಸಿಲು. ಇದು ತರ್ಕಬದ್ಧವಾಗಿ ಕಾಣುವುದರಿಂದ ಹೆಚ್ಚು ಅಪಾಯಕಾರಿ. ನೀರು ಹೋದರೆ ಸಾಕಲ್ಲ ಅನ್ನಿಸುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ. ಅದರಲ್ಲಿದ್ದ ಮಣ್ಣು, ಸುಣ್ಣ, ಉಪ್ಪು, ಬೆಂಗಳೂರಾದರೆ ರಾಜಕಾಲುವೆಯ ಸಕಲ ಕೊಳಚೆ ಎಲ್ಲ ತಟ್ಟೆಯ ಮೇಲೆಯೇ ಗಟ್ಟಿಯಾಗಿ ಕೂರುತ್ತದೆ. ಬಾವಿನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ? ಅದೇ. ಹಾಗಾಗಿ ಡೇಟಾ ರಿಕವರಿ ಕಸುಬಿನವರು ಹೇಳುವ ಮಾತು ನಮಗೆ ತಲೆಕೆಳಗಾಗಿ ಕೇಳಿಸುತ್ತದೆ: ಒಣಗಿಸಬೇಡಿ. ಒದ್ದೆಯಾಗಿಯೇ, ತೇವದ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಚೀಲದಲ್ಲಿ ಹಾಕಿ, ಆದಷ್ಟು ಬೇಗ ತಲುಪಿಸಿ. ಅವರೇ ತೆರೆದು, ಶುದ್ಧ ದ್ರಾವಣದಲ್ಲಿ ತೊಳೆದು, ಆಮೇಲೆ ಒಣಗಿಸುತ್ತಾರೆ. ಮಂಗಳೂರು, ಕಾರವಾರದ ಕಡೆ ಸಮುದ್ರದ ಉಪ್ಪುನೀರೇ ಹೊಕ್ಕಿದ್ದರೆ ಇನ್ನೂ ಅವಸರ. ಉಪ್ಪು ಲೋಹವನ್ನು ತಿನ್ನಲು ಪಂಚಾಂಗ ನೋಡುವುದಿಲ್ಲ. ಈಗಾಗಲೇ ತಾನಾಗಿ ಒಣಗಿಬಿಟ್ಟಿದ್ದರೆ ಮತ್ತೆ ನೆನೆಸಲು ಹೋಗಬೇಡಿ, ಹಾಗೇ ಇಟ್ಟು ಹಾಗೇ ಕಳಿಸಿ.

"ಅದೆಲ್ಲ ಸರಿ, ನಮ್ಮದು ತಿರುಗುತ್ತಲೇ ಇಲ್ಲ, ಯಾಕೆ?" ಅಂತ ಕೇಳುವವರಿಗೆ. ತಿರುಗದಿರುವುದು ಕಾಯಿಲೆಯ ಹೆಸರಲ್ಲ, ಲಕ್ಷಣ. ಜ್ವರ ಇದ್ದ ಹಾಗೆ. ಹಿಂದೆ ಏನಿದೆ ಅನ್ನುವುದು ಬೇರೆ ಬೇರೆ.

ಎಲ್ಲಕ್ಕಿಂತ ಹಗುರವಾದದ್ದು ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕಿನದು. ಮೇಜಿನ ಮೇಲೆ ಕಾಫಿ ಚೆಲ್ಲಿತು, ಡಬ್ಬಿ ನೆಂದಿತು ಅನ್ನಿ. ಒಳಗೆ ಯುಎಸ್‌ಬಿಯನ್ನು ಸಾಟಾಗೆ ಬದಲಿಸುವ ಪುಟ್ಟ ಬೋರ್ಡಿರುತ್ತದೆ, ಹೋಗಿರುವುದು ಬರೀ ಅದೇ ಇರಬಹುದು. ಆದರೆ ಇತ್ತೀಚಿನ ಹಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡಿನ ಮೇಲೆಯೇ ಇರುತ್ತದೆ, ಕೆಲವದರಲ್ಲಿ ನಿಮಗೆ ಗೊತ್ತಿಲ್ಲದೆಯೇ ಮಾಹಿತಿ ಎನ್‌ಕ್ರಿಪ್ಟ್ ಆಗಿಯೂ ಇರುತ್ತದೆ. ಅಂಥದ್ದರ ಬೋರ್ಡನ್ನು ಹೋಯ್ತು ಅಂತ ಕಸಕ್ಕೆ ಹಾಕಿದರೆ ಬೀಗದ ಕೈಯನ್ನೇ ಎಸೆದ ಹಾಗೆ.

ಇನ್ನು ಡಿಸ್ಕಿನ ಹಸಿರು ಬೋರ್ಡು. ಇದನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಬೋರ್ಡಿಗೂ ಡಿಸ್ಕಿನ ಮೈಗೂ ನಡುವೆ ಹಲವದರಲ್ಲಿ ಒಂದು ಸ್ಪಂಜಿನ ಹಾಳೆ ಇರುತ್ತದೆ. ಹೊರಗೆಲ್ಲ ಒಣಗಿದಂತೆ ಕಂಡರೂ ಅದು ದಿನಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ನೀವು ಒಣಗಿತು ಅಂತ ಕರೆಂಟು ಕೊಡುತ್ತೀರಿ, ಚಿಪ್ಪುಗಳು ಒದ್ದೆ ಸ್ಪಂಜಿನ ಮೇಲೆ ಮಲಗಿರುತ್ತವೆ. ಮಾಸ್ತರ ಡಿಸ್ಕಿನಲ್ಲಿ ಬಂದ ಸುಟ್ಟ ವಾಸನೆ ನನ್ನ ಪ್ರಕಾರ ಇದೇ. ಮೋಟಾರಿಗೆ, ಹೆಡ್ಡಿಗೆ ಸಂಪರ್ಕ ಕೊಡುವ ಬಿಂದುಗಳು ಬೆಸುಗೆ ಹಾಕಿದವಲ್ಲ, ಒತ್ತಿಕೊಂಡು ನಿಂತವು. ಅವು ಕಪ್ಪಾಗಿ ಕಿಲುಬು ಹಿಡಿದರೂ ಮೋಟಾರಿಗೆ ಕರೆಂಟು ಹೋಗದೆ ಡಿಸ್ಕ್ ಮೌನವಾಗಿರುತ್ತದೆ. ಇನ್ನು ನೀರು ಕುಡಿದ ಅದೇ ಎಸ್‌ಎಂಪಿಎಸ್ಸಿಗೆ ಸಿಕ್ಕಿಸಿ ಆನ್ ಮಾಡುವ ಮಹಾನುಭಾವರಿದ್ದಾರೆ. ಅದು ವೋಲ್ಟೇಜು ಹೆಚ್ಚು ಬಿಟ್ಟರೆ ಬೋರ್ಡಿನ ಬಾಗಿಲಲ್ಲಿರುವ ರಕ್ಷಣಾ ಡಯೋಡು ತಾನು ಶಾರ್ಟಾಗಿ ಉಳಿದದ್ದನ್ನು ಕಾಯುತ್ತದೆ. ಆಗಲೂ ಮೌನ. ಮಲ್ಟಿಮೀಟರಿನಲ್ಲಿ, ಕರೆಂಟು ಕೊಡದೆಯೇ, 5 ವೋಲ್ಟಿನ ಅಥವಾ 12 ವೋಲ್ಟಿನ ದಾರಿ ನೆಲಕ್ಕೆ ಸೊನ್ನೆ ಓಮ್ ತೋರಿಸುತ್ತದೆಯೇ ಅಂತ ನೋಡಿದರೆ ಇದು ತಿಳಿಯುತ್ತದೆ. ಎರಡು ನಿಮಿಷದ ಕೆಲಸ. ಎಷ್ಟು ಅಂಗಡಿಯಲ್ಲಿ ಮಾಡುತ್ತಾರೆ ಹೇಳಿ?

ಪೂರ್ತಿ ಮೌನವಲ್ಲದೆ ಬೀಪ್ ಬೀಪ್ ಅಂತ ಸಣ್ಣಗೆ ನರಳಿದರೆ ಅದು ಸ್ಪೀಕರಿನ ಸದ್ದಲ್ಲ, ಅಲ್ಲಿ ಸ್ಪೀಕರೇ ಇಲ್ಲ. ತಿರುಗಲು ಹೆಣಗಾಡುವ ಮೋಟಾರಿನ ದನಿ ಅದು. ಹೆಡ್ ತಟ್ಟೆಗೆ ಅಂಟಿಕೊಂಡಿದೆ ಅಥವಾ ಬೇರಿಂಗ್ ಹಿಡಿದಿದೆ. ಹಳೆಯ ಡಿಸ್ಕುಗಳಲ್ಲಿ ಹೆಡ್ ವಿಶ್ರಾಂತಿಗೆ ತಟ್ಟೆಯ ನಡುಭಾಗದಲ್ಲೇ ಇಳಿದು ಕೂರುತ್ತಿತ್ತು, ಈಗಿನವುಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಮೆಟ್ಟಿಲಿನ ಮೇಲೆ. ಕೆಸರುನೀರು ಒಣಗಿದ ಮೇಲೆ ಕೂತಲ್ಲೇ ಗೋಂದು ಹಾಕಿದಂತಾಗುತ್ತದೆ. ಇಂಥ ಡಿಸ್ಕನ್ನು ಪದೇ ಪದೇ ಹಾಕಿ ನೋಡುವುದೆಂದರೆ ಅಂಟಿದ ಹೆಡ್ಡನ್ನು ಕಿತ್ತುಕೊಂಡೇ ತಿರುಗು ಅಂತ ಮೋಟಾರಿಗೆ ಹುಕುಂ ಕೊಟ್ಟ ಹಾಗೆ. ಡಿಸ್ಕಿಗೆ ಪಕ್ಕದಿಂದ ತಟ್ಟಿ, ಮೇಜಿಗೆ ಕುಟ್ಟಿ ಅನ್ನುವ ಪಂಡಿತರಿಗೆ ದೂರದಿಂದಲೇ ನಮಸ್ಕಾರ.

ಬೋರ್ಡು ಬದಲಿಸುವ ವಿದ್ಯೆಯ ಬಗ್ಗೆ ಒಂದು ಮಾತು. ಎಸ್.ಪಿ. ರೋಡಿನಲ್ಲಿ ಅದೇ ಮಾಡೆಲ್ಲಿನ ಹಳೇ ಡಿಸ್ಕು ಹುಡುಕಿ ಅದರ ಬೋರ್ಡು ತಂದು ಕೂರಿಸುವುದು ಒಂದು ಕಾಲಕ್ಕೆ ನಡೆಯುತ್ತಿತ್ತು. ಈಗ ಪ್ರತಿ ಡಿಸ್ಕೂ ತನ್ನ ಹೆಡ್ಡುಗಳ ಓರೆಕೋರೆಗಳ ಲೆಕ್ಕವನ್ನು ಕಾರ್ಖಾನೆಯಲ್ಲೇ ಬರೆಸಿಕೊಂಡು ಬಂದಿರುತ್ತದೆ, ಅದರಲ್ಲಿ ಒಂದು ಪಾಲು ಬೋರ್ಡಿನ ಎಂಟು ಕಾಲಿನ ರಾಮ್ ಅಲ್ಲದ ರೋಮ್ ಚಿಪ್ಪಿನಲ್ಲಿರುತ್ತದೆ. ಆ ಚಿಪ್ಪನ್ನು ಹಳೆಯ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಬೆಸೆಯದಿದ್ದರೆ ಬೋರ್ಡು ಒಂದೇ ಥರ ಕಂಡರೂ ಪ್ರಯೋಜನವಿಲ್ಲ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಪೇಪರ್ ಓದಿದ ಹಾಗೆ. ಹಳೆಯ ಬೋರ್ಡನ್ನು ಕಳೆದುಬಿಟ್ಟರಂತೂ ಮುಗಿಯಿತು. ಮಾಸ್ತರ ಡಿಸ್ಕಿನ ಮೂಲ ಬೋರ್ಡು ಎಲ್ಲಿ ಹೋಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮುಚ್ಚಳ ತೆಗೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಬುಗಳು ಡಿಸ್ಕ್ ತೆರೆಯುವುದು ಕ್ಲಾಸ್ 100 ಅನ್ನುವ ಗಾಳಿಯಲ್ಲಿ, ಅಂದರೆ ಒಂದು ಘನ ಅಡಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣ ನೂರಕ್ಕಿಂತ ಹೆಚ್ಚಿಲ್ಲದ ಗಾಳಿ. ಅಂಗಡಿಯ ಮೇಜಿನ ಮೇಲೆ, ಎದುರಿಗೆ ಬಸ್ಸು ಓಡಾಡುತ್ತಿರುವಾಗ, ಫ್ಯಾನಿನ ಕೆಳಗೆ ಮುಚ್ಚಳ ತೆಗೆಯುವವನನ್ನು ಕಂಡರೆ ಡಿಸ್ಕ್ ಕಸಿದುಕೊಂಡು ಬನ್ನಿ. ಮುಲಾಜು ಬೇಡ.

"ನೀವು ಸುಲಭವಾಗಿ ಹೇಳ್ತೀರಿ, ಲ್ಯಾಬಿಗೆ ಕೊಡೋಕೆ ನಮ್ಮತ್ರ ದುಡ್ಡೆಲ್ಲಿದೆ?" ನ್ಯಾಯವಾದ ಪ್ರಶ್ನೆ. ನೀರಿಗೆ ಬಿದ್ದ ಡಿಸ್ಕಿನ ರಿಕವರಿ ಅಗ್ಗವಲ್ಲ, ಅದಕ್ಕೆ ಹೊಂದುವ ಇನ್ನೊಂದು ಡಿಸ್ಕನ್ನು ಬಲಿ ಕೊಡಬೇಕು, ದಿನಗಟ್ಟಲೆ ಕೆಲಸ. ಆದರೆ ದುಡ್ಡಿಲ್ಲ ಅನ್ನುವುದು ಕರೆಂಟು ಕೊಡಲು ಕಾರಣವಲ್ಲ. ಕೊಡದೆ ಇಟ್ಟರೆ ಬಾಗಿಲು ಅರ್ಧವಾದರೂ ತೆರೆದಿರುತ್ತದೆ. ಇವತ್ತಿಲ್ಲದ ದುಡ್ಡು ಆರು ತಿಂಗಳಿಗೆ ಬಂದೀತು. ಕೊಟ್ಟು ಗೀರು ಬಿದ್ದ ಮೇಲೆ ಕುಬೇರ ಬಂದರೂ ಇಲ್ಲ. ಇನ್ನು ಡಿಸ್ಕ್ ಮುಳುಗಿಲ್ಲ, ಬರೀ ಬೋರ್ಡಿಗೆ ನೀರು ಸಿಡಿದಿದೆ ಅನ್ನುವುದು ಖಾತ್ರಿ ಇದ್ದರೆ ಮನೆಯಲ್ಲೇ ಒಂದಿಷ್ಟು ಮಾಡಬಹುದು. ನಕ್ಷತ್ರದ ತಲೆಯ ಸ್ಕ್ರೂಗಳಿಗೆ ಸರಿಯಾದ ಟಾರ್ಕ್ಸ್ ಡ್ರೈವರ್ ತಂದು ಬೋರ್ಡು ಬಿಚ್ಚಿ, ಸ್ಪಂಜು ತೆಗೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಕಪ್ಪಾದ ಸಂಪರ್ಕ ಬಿಂದುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಹಗುರಾಗಿ ಉಜ್ಜಿ. ರ್‍ಯಾಮ್ ಕಾಲು ಉಜ್ಜುವ ನಮ್ಮ ಅಂಗಡಿಗಳ ಹಳೇ ವಿದ್ಯೆ ಇಲ್ಲಿ ಮಾತ್ರ ಸರಿಯಾಗಿ ಉಪಯೋಗಕ್ಕೆ ಬರುತ್ತದೆ. ಎರಡು ದಿನ ಬಿಟ್ಟು, ಡಯೋಡು ಪರೀಕ್ಷಿಸಿ, ಒಳ್ಳೆಯ ಪವರ್ ಸಪ್ಲೈಗೆ ಸಿಕ್ಕಿಸಿ. ತಿರುಗಿದರೆ ಮಾಡಬೇಕಾದ ಮೊದಲ ಮತ್ತು ಕೊನೆಯ ಕೆಲಸ ನಕಲು ಮಾಡಿಕೊಳ್ಳುವುದು. ಅದರಲ್ಲೇ ವಿಂಡೋಸ್ ಬೂಟ್ ಮಾಡಿ ಹಾಡು ಕೇಳುತ್ತ ಕೂರಬೇಡಿ. ತಿರುಗದಿದ್ದರೆ, ಸದ್ದು ಬದಲಾದರೆ, ಅಲ್ಲಿಗೇ ನಿಲ್ಲಿಸಿ. ರಿಕವರಿ ಸಾಫ್ಟ್‌ವೇರ್ ಕೊಳ್ಳಲು ಮಾತ್ರ ಹೋಗಬೇಡಿ. ತಿರುಗದ ಡಿಸ್ಕಿಗೆ ಸಾಫ್ಟ್‌ವೇರ್ ಹಾಕುವುದು ಮುಚ್ಚಿದ ಪುಸ್ತಕಕ್ಕೆ ಕನ್ನಡಕ ಹಾಕಿದ ಹಾಗೆ.

ಲ್ಯಾಬುಗಳೇನು ಸಾಚಾಗಳಲ್ಲ. ಲ್ಯಾಬ್ ಅಂತ ಬೋರ್ಡು ಹಾಕಿಕೊಂಡು ಡಿಸ್ಕನ್ನು ಬೇರೆ ಊರಿಗೆ ಕೊರಿಯರ್ ಮಾಡುವ ದಲ್ಲಾಳಿಗಳಿದ್ದಾರೆ. ಮುಚ್ಚಳ ತೆಗೆದ ಮೇಲೆ ದರ ಹೇಳಿ, ಒಪ್ಪದಿದ್ದರೆ ತೆಗೆದದ್ದಕ್ಕೇ ದುಡ್ಡು ಕೇಳುವವರಿದ್ದಾರೆ. ಕೊಡುವ ಮೊದಲು ಬರವಣಿಗೆಯಲ್ಲಿ ಕೇಳಿ: ಪರೀಕ್ಷೆಗೆ ಎಷ್ಟು, ನನ್ನನ್ನು ಕೇಳದೆ ತೆರೆಯುತ್ತೀರಾ, ಏನೂ ಸಿಗದಿದ್ದರೆ ಎಷ್ಟು, ಮೂಲ ಬೋರ್ಡಿನ ಸಮೇತ ಡಿಸ್ಕ್ ವಾಪಸ್ ಬರುತ್ತದಾ. ಉತ್ತರಕ್ಕೆ ತಡವರಿಸಿದರೆ ಮುಂದಿನ ಬಾಗಿಲು. ಮತ್ತೆ ನಿಮ್ಮ ಕಡೆಯಿಂದಲೂ ಸತ್ಯ ಹೇಳಿ. ಎಷ್ಟು ಸಲ ಹಾಕಿ ನೋಡಿದಿರಿ, ಯಾರು ಬಿಚ್ಚಿದರು, ಯಾವ ನೀರು. ಡಾಕ್ಟರ ಮುಂದೆ ಮುಚ್ಚಿಟ್ಟ ಹಾಗೆ ಇಲ್ಲಿ ಮುಚ್ಚಿಡಬೇಡಿ.

ನಮ್ಮಲ್ಲಿ ಶಾಸನದ ಫೋಟೋ ತೆಗೆಯುವವರಿದ್ದೀರಿ, ತಾಳಮದ್ದಲೆ ರೆಕಾರ್ಡ್ ಮಾಡುವವರಿದ್ದೀರಿ, ಅಜ್ಜಿಯ ಹಾಡು ಕಟ್ಟಿಟ್ಟವರಿದ್ದೀರಿ. ಮಾಸ್ತರ ಪದಗಳಲ್ಲಿ ಈಗ ಉಳಿದಿರುವುದು ಐದು. ಅವರು ಯಾವಾಗಲೋ ಒಬ್ಬ ವಿದ್ಯಾರ್ಥಿಗೆ ಸಿಡಿಯಲ್ಲಿ ಹಾಕಿಕೊಟ್ಟಿದ್ದರಂತೆ, ಆ ಹುಡುಗ ಅದನ್ನು ಪುಸ್ತಕದ ನಡುವೆ ಇಟ್ಟು ಮರೆತಿದ್ದ. ಆ ಐದನ್ನು ನಾನು ಮೂರು ಕಡೆ ನಕಲು ಮಾಡಿಟ್ಟಿದ್ದೇನೆ, ಒಂದು ಊರಿನಿಂದ ಹೊರಗೆ. ಯಾರಿಗಾದರೂ ಕೇಳಬೇಕಿದ್ದರೆ ಬರೆಯಿರಿ, ಮಾಸ್ತರನ್ನು ಕೇಳಿ ಕಳಿಸುತ್ತೇನೆ. ಹಾಗೇ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆ ಡಿಸ್ಕನ್ನು ಕೇಳದೆ ತೆರೆಯದ, ಕರೆಂಟು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿಯುವ ಅಂಗಡಿ ಯಾವುದಾದರೂ ನಿಮಗೆ ಗೊತ್ತಿದ್ದರೆ ಕೆಳಗೆ ತಿಳಿಸಿ. ಮುಂದಿನ ಮಳೆಗಾಲಕ್ಕೆ ಬೇಕಾಗುತ್ತದೆ.